ಯಗಟಿಯಂ

ತರೀಕೆರೆ, ಆಗಸ್ಟ್ ೧೯೮೬

ಲೇ ಷಡಕ್ಷರಿ,

ಸತ್ತವನಿಗೆ ಕಾಗದ ಬರೆಯುವಷ್ಟು ನನ್ನ ತಲೆ ಕೆಟ್ಟಿಲ್ಲ. ಆದರೆ ನಿನ್ನನ್ನು ಬೈಯುವುದು ಇನ್ನೂ ಮುಗಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ವರ್ಷ ನಿನ್ನ ಮಣ್ಣಿಗೂ ನಾನು ಬರಲಿಲ್ಲ. ಇಬ್ಬರೂ ಎಂ.ಎಸ್ಸಿ. ಮುಗಿಸಿ ಹೊಸ ಧಾತು ಕಂಡುಹಿಡಿಯೋಣ, ಅದಕ್ಕೆ ನಮ್ಮೂರು ಯಗಟಿಯ ಹೆಸರಿಡೋಣ ಎಂದವನು ನೀನು. ಓದು ಅರ್ಧಕ್ಕೆ ಬಿಟ್ಟು ಮಾವನ ಕೊಬ್ಬರಿ ಮಂಡಿಯಲ್ಲಿ ಹೋಗಿ ಕೂತವನೂ ನೀನೇ.

ಇವತ್ತು ಕಾಲೇಜಿನಲ್ಲಿ ವಿರಳ ಭಸ್ಮ ಧಾತುಗಳಿಗೆ ಹೆಸರು ಎಲ್ಲಿಂದ ಬಂತು ಎಂದು ಪಾಠ ಮಾಡುತ್ತಿದ್ದೆ. ಸ್ವೀಡನ್ನಿನ ಇಟ್ಟರ್ಬಿ ಎಂಬ ಒಂದೇ ಹಳ್ಳಿಯ ಹೆಸರಿನಿಂದ ಹುಟ್ಟಿದ ಇಟ್ರಿಯಂ, ಟರ್ಬಿಯಂ, ಎರ್ಬಿಯಂ, ಇಟ್ಟರ್ಬಿಯಂಗಳನ್ನು ಬೋರ್ಡಿನ ಮೇಲೆ ಬರೆದು, "ಹಳ್ಳಿ ಹೆಸರಿಂದ ಎಷ್ಟಾಯ್ತು?" ಎಂದು ಕೇಳಿದೆ.

ನಿನ್ನ ಮಗಳು ಕುಮುದಾ ಎದ್ದು ನಿಂತಳು. "ಐದು ಸಾರ್."

"ಐದನೇದು ಯಾವ್ದಮ್ಮ?"

"ಯಗಟಿಯಂ."

ಕ್ಲಾಸೆಲ್ಲ ನಕ್ಕಿತು.

"ಯಾರು ಹೇಳಿದ್ದು?"

"ನಮ್ಮಪ್ಪ ಸಾರ್. ಮೇಷ್ಟ್ರು ಕೇಳಿದ್ರೆ ಐದು ಅನ್ನು, ಅವ್ನು ಬೈಯಲ್ಲ ಅಂತಿದ್ರು."

ಬೈದೆ. ತಪ್ಪು, ಕೂತ್ಕೋ ಎಂದೆ. ನಿನ್ನ ಮಾತನ್ನು ಸುಳ್ಳು ಮಾಡಿದೆನಲ್ಲ ಎಂದು ಖುಷಿಯೂ ಆಯಿತು.

ಬೆಲ್ ಹೊಡೆದು ಹುಡುಗರೆಲ್ಲ ಹೋದ ಮೇಲೆ, ಆ ನಾಲ್ಕು ಹೆಸರುಗಳ ಕೆಳಗೆ ಐದನೆಯದನ್ನೂ ಬರೆದೆ. ಬೋರ್ಡು ಒರೆಸಲು ಬಂದ ಅಟೆಂಡರ್ ಕೆಂಚಪ್ಪನನ್ನು ಬೈದು ಆಚೆಗೆ ಕಳಿಸಿದೆ.