ಭೀಮುನಿಪಟ್ಟಣದ ತಣ್ಣನೆ ಕಲ್ಲು

ವಿಶಾಖಪಟ್ಟಣ, ೧೭-೧-೧೯೮೮, ಭಾನುವಾರ

ಅಕ್ಕನಿಗೆ ಹೇಳಲೋ ಬೇಡವೋ ಎಂದು ಬಸ್ಸಿನ ದಾರಿಯುದ್ದಕ್ಕೂ ಒದ್ದಾಡಿದೆ. ಮೈಸೂರಿನಿಂದ ಬಂದಿರುವ ಅನಸೂಯಕ್ಕ ಮಹಾ ಮಡಿವಂತೆ. ಭೀಮುನಿಪಟ್ಟಣದ ಸಮುದ್ರ, ಹಳೇ ಡಚ್ಚರ ಕಟ್ಟಡ ತೋರಿಸಿ, ಮರದ ನೆರಳಿನ ಚಪ್ಪಟೆ ಕಲ್ಲಿನ ಮೇಲೆ ನಾನೇ ಎಲೆ ಹಾಕಿ ಪುಳಿಯೋಗರೆ ಬಡಿಸಿದ್ದೆ. ಊಟವಾಗಿ ಎಲೆ ಎತ್ತಿದರೆ ಕೆಳಗೆ ಕೆತ್ತಿದ ತಲೆಬುರುಡೆ, ಅದರಡಿ ಒಂದು ಹೆಸರು! ಇನ್ನು ಅಕ್ಕ ನನ್ನ ಮನೆಯ ನೀರೂ ಮುಟ್ಟಲಾರಳೆಂದು ಹೆದರಿದೆ.

ಮನೆ ಸೇರಿದ ಮೇಲೆ ಬಾಯಿಬಿಟ್ಟೆ. “ಅಕ್ಕಾ, ನಾವು ಊಟ ಮಾಡಿದ್ದು ಗೋರಿ ಮೇಲೆ.”

“ನೀನು ಪುಳಿಯೋಗರೆ ಬಡಿಸುವಾಗ್ಲೇ ಎಲೆಯಂಚಲ್ಲಿ ಬುರುಡೆ ನೋಡಿದ್ದೆ ಕಣೋ ಸುಬ್ಬು.”

“ಮತ್ತೆ ಯಾಕೆ ಏಳ್ಲಿಲ್ಲ?”

“ಎದ್ದಿದ್ರೆ ಮೊಸರನ್ನ ತಪ್ಪಿ ಹೋಗ್ತಿತ್ತಲ್ಲೋ! ಈಗ ನೀರು ಕಾಯ್ಸು. ನಿನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ.”

ಸಂಜೆ ಹೊತ್ತಿನಲ್ಲಿ ಇಬ್ಬರೂ ತಲೆಗೆ ಸ್ನಾನ ಮಾಡಿದ್ದು ಕಂಡು, ಮನೆಯಲ್ಲೇ ಉಳಿದಿದ್ದ ನನ್ನ ತೆಲುಗು ಹೆಂಡತಿ ಭ್ರಮರಾಂಬ ಗಾಬರಿಯಾದಳು.

“ಏವಂಡೀ, ಯಾರು ಹೋದ್ರು?”

ಹೋದವನ ಹೆಸರನ್ನು ನಾನು ಓದಿಕೊಂಡೇ ಇರಲಿಲ್ಲ.