ಅಕ್ಕ ಓದಿ ಹೇಳಬೇಕಾದ ಪತ್ರ

ನಡುಗಡ್ಡೆಯ ಚೌಕಿ, ಪೈಠಣ ತಾಲೂಕು,
ಜಿ. ಛತ್ರಪತಿ ಸಂಭಾಜಿನಗರ
೨೦ ಏಪ್ರಿಲ್ ೨೦೨೫, ಭಾನುವಾರ

ಮಗಳು ಅಪೂರ್ವಾಳಿಗೆ ನಿನ್ನ ಅಪ್ಪ ಮಲ್ಲಿನಾಥನ ಆಶೀರ್ವಾದ.

ನಾನು ಗಟ್ಟಿಮುಟ್ಟಾಗಿದ್ದೇನೆ. ನೀನು, ರುಕ್ಮಿಣಿ ಅಕ್ಕ, ರೇವಣಪ್ಪ ಭಾವ ಮೂವರೂ ಓಝರಿನಲ್ಲಿ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ತಡವಾಯಿತು, ಸಿಟ್ಟಾಗಬೇಡ. ಮೀನುಗಾರ ಗೋವಿಂದನ ದೋಣಿ ಬಂದರೆ ಮಾತ್ರ ನನ್ನ ಪತ್ರ ದಡ ಸೇರುತ್ತದೆ. ಹಕ್ಕಿಗಳ ಕಾಲು ಸಿಕ್ಕಿಕೊಳ್ಳುತ್ತಿದ್ದವೆಂದು ಹೋದ ತಿಂಗಳು ನಾನೇ ಅವನ ಬಲೆ ಕತ್ತರಿಸಿ ಹಾಕಿದೆ. ಮೂರು ವಾರ ಅವನು ಈ ಕಡೆ ಮುಖ ಹಾಕಲಿಲ್ಲ. ಈಗ ಬರುತ್ತಾನೆ, ಮಾತಾಡುವುದಿಲ್ಲ ಅಷ್ಟೆ.

ಅಕ್ಕಾ, ಓದುವವಳು ನೀನು, ಹಾಗಾಗಿ ನಿನಗೂ ಒಂದು ಮಾತು. ಕಣ್ಣು ನೋಯುತ್ತದೆ ಎಂದು ಅರ್ಧಕ್ಕೆ ಮಡಚಿಡಬೇಡ, ಕೊನೆಯವರೆಗೂ ಓದು. ನನ್ನ ಮಗಳಿಗೆ ಕನ್ನಡ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಅವಳು ಓದಿದ್ದು ಮರಾಠಿ ಶಾಲೆ. ಅರಣ್ಯ ಇಲಾಖೆಯ ಹಕ್ಕಿ ಕಾವಲಿನ ವರದಿಗಳನ್ನೆಲ್ಲ ಮರಾಠಿಯಲ್ಲಿ ಬರೆಯುವ ನಾನು ಮಗಳಿಗೂ ಹಾಗೇ ಬರೆಯಬಹುದಿತ್ತು. ಆದರೆ ಅವಳ ತಾಯಿ ರೂಪಾ ಸಾಯುವ ಮುಂಚೆ ನನ್ನ ಕೈ ಹಿಡಿದು, “ಪೋರಿ ಜೋಡಿ ಕನ್ನಡ ಬಿಡಬ್ಯಾಡ್ರಿ” ಎಂದಿದ್ದಳು. ಆ ಮಾತು ಉಳಿಸಿಕೊಳ್ಳಲು, ಮಗಳನ್ನು ನಿನ್ನಲ್ಲಿ ಬಿಟ್ಟಂದಿನಿಂದ ಹದಿನೈದು ವರ್ಷ ಕನ್ನಡದಲ್ಲೇ ಬರೆದೆ. ನೀನು ಓದಿ ಹೇಳುತ್ತೀಯಲ್ಲ ಎಂಬ ಧೈರ್ಯ.

ಅಪೂರ್ವಾ, ಇಷ್ಟೂ ವರ್ಷ ಪ್ರತಿ ಪತ್ರದಲ್ಲೂ ನಿನ್ನನ್ನು ಇಲ್ಲಿಗೆ ಕರೆದಿದ್ದೇನೆ. ದೀಪಾವಳಿ ರಜೆಗೆ ಬಾ, ಬೇಸಿಗೆಗೆ ಬಾ, ಹತ್ತನೆಯದು ಪಾಸಾದೆಯಲ್ಲ ಈಗ ಬಾ ಎಂದು. ನೀನು ಒಮ್ಮೆಯೂ ಬರಲಿಲ್ಲ. ನಡುಗಡ್ಡೆಯಲ್ಲಿ ಮೊಬೈಲ್ ಹಿಡಿಯುವುದಿಲ್ಲ. ಸಾಮಾನು ತರಲು ಪೈಠಣಕ್ಕೆ ಹೋದಾಗ ಫೋನ್ ಮಾಡಿದರೆ ನೀನು ಕಟ್ ಮಾಡುತ್ತೀ. ಈ ಸಲವೂ ನಾಚಿಕೆ ಬಿಟ್ಟು ಕರೆಯುತ್ತಿದ್ದೇನೆ. ಮದುವೆಗೆ ಮುಂಚೆ ಒಂದು ದಿನ ಬಂದು ಹೋಗು. ನನಗೆ ಬೇಕಾಗಿರುವುದು ಅಷ್ಟೇ.

ಈಗ ಇಲ್ಲಿ ಮೊಟ್ಟೆಯ ಕಾಲ. ನೀರು ಇಳಿದು ನೆಲ ತೆರೆದಿದೆ, ಹಳದಿ ಕೊಕ್ಕಿನ ನೀರುಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಟ್ಟಿವೆ. ತಾಯಿ ಹಕ್ಕಿ ಹೊಳೆಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಇಲ್ಲವಾದರೆ ಬಿಸಿಲಿಗೆ ಒಳಗಿನ ಮರಿ ಬೆಂದೇಹೋಗುತ್ತದೆ. ಹೋದ ವಾರ ದಡದಿಂದ ಒಂದು ಹೆಣ್ಣುನಾಯಿ ಈಜಿ ಬಂತು. ನಾನು ಎದ್ದು ಹೋಗುವಷ್ಟರಲ್ಲಿ ಅರವತ್ತು ಗೂಡು ಖಾಲಿ ಮಾಡಿತ್ತು. ಮುರಿದ ದೋಣಿಯ ಹುಟ್ಟಿನಿಂದ ಹೊಡೆದು ಕೊಂದೆ. ಕೊಂದ ಮೇಲೆ ನೋಡಿದರೆ ಅದರ ಕೆಚ್ಚಲು ತುಂಬಿತ್ತು. ಆಚೆ ದಡದಲ್ಲಿ ಮರಿಗಳು ಮೂರು ದಿನ ಕುಂಯ್ಗುಟ್ಟಿದವು, ನಾಲ್ಕನೆಯ ದಿನ ಸುಮ್ಮನಾದವು. ಮೇಲಿನವರಿಗೆ ನಾಯಿಯ ಸುದ್ದಿ ಬರೆಯಲಿಲ್ಲ, ಅರವತ್ತು ಗೂಡು ಹೋಯಿತು ಎಂದಷ್ಟೇ ಬರೆದೆ. ನಿನ್ನ ಅಪ್ಪ ಇಲ್ಲಿ ಎಂಥ ಕೆಲಸ ಮಾಡುತ್ತಾನೆ ಎಂದು ನಿನಗೆ ಗೊತ್ತಿರಲಿ.

ಇನ್ನು ದೊಡ್ಡ ಸುದ್ದಿ. ಇವತ್ತು ಬೆಳಿಗ್ಗೆ ಗೋವಿಂದನ ದೋಣಿಯಲ್ಲಿ ಇಸ್ತ್ರಿ ಅಂಗಿ ತೊಟ್ಟ ಒಬ್ಬ ಹುಡುಗ ಬಂದ. ಈ ತಿಂಗಳಲ್ಲಿ ಯಾರೂ ಇಲ್ಲಿ ಕಾಲಿಡುವಂತಿಲ್ಲ ಎಂದು ದಂಡೆಯಿಂದಲೇ ಗದರಿಸಿದೆ. ಅವನು ಎದ್ದು ನಿಂತು, ದೋಣಿ ಓಲಾಡಿ, ಬೀಳುವಂತಾಗಿ, ತಾನು ಸುಜಿತ್, ಸಂಭಾಜಿನಗರದವನು, ನಿಮ್ಮ ಅಳಿಯನಾಗುವವನು ಎಂದ. ಕಾಯಿದೆ ಎಂದರೆ ಕಾಯಿದೆ. ಅಳಿಯದೇವರನ್ನು ದೋಣಿಯಲ್ಲೇ ಕೂರಿಸಿ, ನಾನು ಮೊಣಕಾಲುದ್ದ ನೀರಲ್ಲಿ ನಿಂತು ಮಾತಾಡಿಸಿದೆ. ಒಂದು ತಾಸು ಬಿಸಿಲಲ್ಲಿ ಕೂತು ಟೊಮೇಟೊ ಆದ ಪಾಪ. ಚಹಾವನ್ನೂ ದೋಣಿಗೇ ಕೊಟ್ಟೆ. ಒಳ್ಳೆಯ ಹುಡುಗ, ನನ್ನ ಕಡೆಯಿಂದ ಪಾಸು.

ಲಗ್ನಪತ್ರಿಕೆ ತೋರಿಸಿದ. ತಂದೆಯ ಹೆಸರಿರಬೇಕಾದ ಜಾಗದಲ್ಲಿ ರೇವಣಪ್ಪ ಭಾವನ ಹೆಸರಿದೆ. ಅಚ್ಚು ಚೆನ್ನಾಗಿದೆ ಎಂದು ಹೇಳಿ ವಾಪಸು ಕೊಟ್ಟೆ.

ನಿನಗಾಗಿ ಒಂದು ಪೈಠಣಿ ಸೀರೆ ನೇಯಿಸಿದ್ದೇನೆ, ಹಸಿರು ಒಡಲು, ಸೆರಗಿನಲ್ಲಿ ನವಿಲು. ಹೋದ ಪತ್ರದಲ್ಲೂ ಇದನ್ನು ಬರೆದಿದ್ದೆ, ಎಂಟು ದಿನ ರಜೆ ಹಾಕಿದ್ದೇನೆ, ಮದುವೆಗೆ ಬರುತ್ತೇನೆ ಎಂದೂ ಬರೆದಿದ್ದೆ. ಅದಕ್ಕೂ ಮುಂಚೆ ನೀನೇ ಇಲ್ಲಿಗೆ ಬಂದರೆ ನಿನಗಾಗಿ ಕಾಯಿದೆ ಮುರಿಯುತ್ತೇನೆ, ದೋಣಿಯಿಂದ ಇಳಿಸಿಕೊಳ್ಳುತ್ತೇನೆ. ಮೇಲಿನವರು ಬೇಕಾದರೆ ನೌಕರಿ ಕಿತ್ತುಕೊಳ್ಳಲಿ.

ನೂರು ವರ್ಷ ಬಾಳು ಮಗಳೇ. ನಿನ್ನ ಸಂಸಾರ ತುಂಬಿ ಚೆಲ್ಲಲಿ. ಬಸವಣ್ಣ ನಿನ್ನ ಕಣ್ಣಲ್ಲಿ ನೀರು ತರಿಸದಿರಲಿ.

ನಿನ್ನ ಅಪ್ಪ,
ಮಲ್ಲಿನಾಥ

ತಾ.ಕ.: ಅಕ್ಕಾ, ಇದು ನಿನಗೆ. ದೋಣಿಯಲ್ಲಿ ಕೂತು ಆ ಹುಡುಗ ಮೊದಲು ಕೇಳಿದ ಮಾತನ್ನು ಮೇಲೆ ಬರೆಯಲಿಲ್ಲ. ಪ್ರತಿ ಪತ್ರದಲ್ಲೂ ಮಗಳಿಗೆ ಬರಬೇಡ, ಬರಬೇಡ ಎಂದು ಯಾಕೆ ಬರೆಯುತ್ತೀರಿ ಎಂದು ಕೇಳಿದ. ಮದುವೆಗೂ ಬರುವುದಿಲ್ಲ, ಪತ್ರಿಕೆಯಲ್ಲಿ ನನ್ನ ಹೆಸರು ಹಾಕಬೇಡಿ ಎಂದು ನಾನೇ ಬರೆದಿದ್ದೇನಂತೆ. ಅತ್ತೆ ಹಾಗೆಂದು ಓದಿ ಹೇಳಿದರೆಂದು ಅಪೂರ್ವಾ ಅವನಿಗೆ ಹೇಳಿದ್ದಳಂತೆ. ಗೋವಿಂದ ನೀರಿಗಿಳಿದು ಬಂದು ನನ್ನ ತೋಳು ಹಿಡಿದ.

ನಿನಗೆ ಮಕ್ಕಳಿಲ್ಲ. ಅವಳು ಎಲ್ಲಿ ಅಪ್ಪನ ಕಡೆ ಹೋಗಿಬಿಡುತ್ತಾಳೋ ಎಂದು ನೀನು ಹೆದರಿದೆ. ಅಷ್ಟು ನನಗೂ ಅರ್ಥವಾಗುತ್ತದೆ. ಹನ್ನೊಂದು ವರ್ಷದ ಹಿಂದೆ ಫೋನಿನಲ್ಲಿ ನೀನು, “ಮಲ್ಲ್ಯಾ, ನಿನ್ನ ಹೆಸರು ತಗದ್ರ ಪೋರಿ ಎದ್ದು ಹೋಗ್ತಾಳ, ನೀ ಇತ್ತಾಗ ಬರಬ್ಯಾಡ” ಎಂದೆ. ನಾನು ನಂಬಿದೆ. ನಂಬಿದ್ದು ಮಾತ್ರವಲ್ಲ, ಒಳಗೊಳಗೆ ಹಗುರವೂ ಆಯಿತು. ಬಸ್ಸಿನಲ್ಲಿ ಐದಾರು ತಾಸಿನ ದಾರಿ, ಒಮ್ಮೆಯೂ ಬಂದು ಅವಳನ್ನೇ ಕೇಳಲಿಲ್ಲ. ಬರಿಗೈ ವಿಧುರ, ಹೆಣ್ಣುಮಗು ಸಾಕುವುದು ಬೇಡವಾಗಿತ್ತು ನನಗೆ. ನನ್ನ ಪಾಪ ನನಗಿರಲಿ. ಆದರೆ ನೀನು ಬಾಯಿ ಬಿಟ್ಟು ಕೇಳಿದ್ದರೆ ಮಗಳನ್ನು ನಿನ್ನ ಹೆಸರಿಗೆ ಬರೆದುಕೊಡುತ್ತಿದ್ದೆ, ಅಕ್ಕಾ. ಅವಳ ಕಿವಿಯಲ್ಲಿ ನನ್ನನ್ನು ಸಾಯಿಸುವ ಅಗತ್ಯವಿರಲಿಲ್ಲ.

ಸುಜಿತ್ ಪೈಠಣದಲ್ಲಿ ಉಳಿದಿದ್ದಾನೆ, ನಾಳೆ ಮತ್ತೆ ಬರುತ್ತಾನೆ. ಅವನ ಮೊಬೈಲಿನ ಮುಂದೆ ಈ ಪತ್ರವನ್ನು ಮೊದಲಿನಿಂದ ಕೊನೆಯ ಸಾಲಿನವರೆಗೂ ನಾನೇ ಓದುತ್ತೇನೆ, ಅವನು ಅದನ್ನು ಮುದ್ರಿಸಿಕೊಂಡು ದಡದಿಂದ ಅಪೂರ್ವಾಳಿಗೆ ಕಳಿಸುತ್ತಾನೆ. ಅವನಿಗೆ ಕನ್ನಡ ಒಂದಕ್ಷರ ಬಾರದು. ಕೇಳಬೇಕಾದವಳಿಗೆ ತಿಳಿಯುತ್ತದೆ. ಅವಳು ಕೇಳಿದಳು ಎಂದು ಗೊತ್ತಾದ ಮೇಲೆಯೇ ಇದನ್ನು ಅಂಚೆಗೆ ಹಾಕುತ್ತೇನೆ. ಅಪೂರ್ವಾ, ಅತ್ತೆಗೆ ಪತ್ರ ಬಂದ ದಿನ ಏನೂ ಗೊತ್ತಿಲ್ಲದವಳಂತೆ ಎದುರಿಗೆ ಕೂತು ಕೇಳು. ಮಧ್ಯೆ ಒಂದು ಮಾತೂ ಆಡಬೇಡ.

ಅವಳು ಕೂತಿದ್ದಾಳೆ, ಅಕ್ಕಾ. ಓದು.