ಗೊತ್ತಿದ್ದೂ ಬಡಿಸಿದವಳು

ಜೂನ್ 3, ಮಂಗಳವಾರ

ಬೆಳಿಗ್ಗೆಯೇ ಪ್ರೆಸ್ಸಿನಲ್ಲಿ ತಲೆ ಕೆಟ್ಟಿತು. ಭೂಗೋಳದ ಗೈಡು, ಮುನ್ನೂರು ಪ್ರತಿ. ಹದಿನಾರು ಪುಟಕ್ಕೊಂದು ಫಾರಂ, ಏಳನೇ ಫಾರಂ ಇರಬೇಕಾದ ಜಾಗದಲ್ಲಿ ಎಂಟನೆಯದು ಕೂತಿದೆ. ತೊಂಬತ್ತಾರನೇ ಪುಟ ಆದಮೇಲೆ ನೂರಾ ಹದಿಮೂರು. ನದಿ ಹುಟ್ಟುವ ಮೊದಲೇ ಸಮುದ್ರ ಸೇರಿದೆ.

ಜೋಡಿಸಿದ್ದು ಪಿಸುಮಾತಿನವಳು. ಬೈಂಡಿಂಗ್ ಸೆಕ್ಷನ್ನಿನಲ್ಲಿ ಅವಳ ದನಿ ಯಾರೂ ಸರಿಯಾಗಿ ಕೇಳಿಲ್ಲ. ಅವಳಿಗೆ ನಿನ್ನೆಯೇ ಗೊತ್ತಾಗಿದೆ. ಬಂಡಲ್ ಕಟ್ಟಿ, ಮೂಲೆಗೆ ತಳ್ಳಿ, ಮೇಲೊಂದು ಗೋಣಿ ಮುಚ್ಚಿದ್ದಾಳೆ! ಎಲ್ಲರ ಎದುರೇ ಬೈದೆ.

"ತಪ್ಪು ಎಲ್ಲರ ಕೈಲೂ ಆಗುತ್ತೆ. ಮುಚ್ಚಿಟ್ಟೆ ನೋಡು, ಅದಕ್ಕೆ ನನ್ನ ಹತ್ರ ಕ್ಷಮೆ ಇಲ್ಲ."

"ಹೆದರಿಕೆ ಆಯ್ತು ಅಕ್ಕಾ."

ಹೆದರಿಕೆಯಂತೆ. ಇಪ್ಪತ್ತಾರು ವರ್ಷ ಪುಟ ನೋಡಿದ ಕಣ್ಣು ನನ್ನದು. ಹತ್ತಡಿ ದೂರದಿಂದ ಹೇಳಬಲ್ಲೆ ಯಾವ ಫಾರಂ ಜಾಗ ತಪ್ಪಿದೆ ಅಂತ.

ಸಂಜೆ ಫಿಲ್ಮ್ ಸೊಸೈಟಿ ಸೆಕ್ರೆಟರಿ ಮನೆಗೆ ಬಂದಿದ್ದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ರಿಟೈರ್ ಆದವರು, ಈಗ ಸಿನಿಮಾವನ್ನೂ ಟೆಸ್ಟ್ ಟ್ಯೂಬಿನಲ್ಲಿ ಹಾಕಿ ಅಲ್ಲಾಡಿಸುತ್ತಾರೆ. ಆದರೆ ತಂದದ್ದು ಒಳ್ಳೆ ಸುದ್ದಿ. ನನ್ನ ಪ್ರಾಣದಂಥ ಆ ಹಳೇ ಹಿಂದಿ ಪಿಕ್ಚರ್ ಮತ್ತೆ ಬಿಡುಗಡೆ ಆಗುತ್ತಿದೆ! ಪ್ರಿಂಟು ತೊಳೆದು, ಗೀರು ತೆಗೆದು, ಹೊಸದರ ಹಾಗೆ ಮಾಡಿದ್ದಾರಂತೆ. 22ಕ್ಕೆ ಸೊಸೈಟಿಯಲ್ಲೂ ಹಾಕುತ್ತಾರೆ. ಅವತ್ತೇ ನಮ್ಮ ಯಜಮಾನರಿಗೆ ಸನ್ಮಾನ. ಇವರು ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರಲ್ಲ. ಫಲಕದಲ್ಲಿ ಬರೆಸುವುದು: 'ಮೂವತ್ತೊಂದು ವರ್ಷ, ಒಂದೂ ತಪ್ಪಿಲ್ಲದೆ'. ಪಿಕ್ಚರ್ ಬಗ್ಗೆ ನಾನು ಹತ್ತು ನಿಮಿಷ ಮಾತಾಡಬೇಕಂತೆ.

ಹತ್ತು ನಿಮಿಷ ಎಲ್ಲಿ ಸಾಲುತ್ತದೆ?

ಇವರು ಮಾತ್ರ ಲೋಟ ತೊಳೆಯುತ್ತ ನಿಂತಿದ್ದರು. ತೊಳೆದದ್ದನ್ನೇ ತೊಳೆಯುತ್ತ.

ಜೂನ್ 5, ಗುರುವಾರ

ಭಾಷಣಕ್ಕೆ ಪಾಯಿಂಟ್ಸ್ ಹಾಕಿಕೊಳ್ಳುತ್ತಿದ್ದೇನೆ.

ಜನ ಅದನ್ನು ಕ್ರೈಮ್ ಪಿಕ್ಚರ್ ಅಂದು ಸುಮ್ಮನಾಗುತ್ತಾರೆ. ಪಿಸ್ತೂಲು, ಜೀಪು, ಟೋಪಿ ತೆಗೆದು ಬೆವರು ಒರೆಸುವ ಇನ್ಸ್‌ಪೆಕ್ಟರು. ಅದೆಲ್ಲ ಇದೆ, ಇರಲಿ. ನನಗೆ ಬೇಕಾದದ್ದು ಆ ಮನೆ ಒಡತಿ. ಗಂಡ ಗೋಡೌನಿನ ವಾಚ್‌ಮನ್. ಮಾಳಿಗೆಯಲ್ಲಿ ಬಾಡಿಗೆಗೆ ಒಬ್ಬ, ಟೈಪ್‌ರೈಟರ್ ರಿಪೇರಿಯವನು, ಬೆಣ್ಣೆಯಂಥ ಮಾತು. ಊಟ ಇವಳ ಅಡುಗೆಮನೆಯಲ್ಲೇ. ಗೋಡೌನಿಗೆ ಕನ್ನ ಬೀಳುತ್ತದೆ, ಕಳ್ಳನ ಗುರುತು ಹಿಡಿದ ವಾಚ್‌ಮನ್ ಸಾಯುತ್ತಾನೆ. ಇನ್ಸ್‌ಪೆಕ್ಟರ್ ಊರೆಲ್ಲ ಜಾಲಾಡುತ್ತಾನೆ. ಇವಳು ಮಾಳಿಗೆ ಗುಡಿಸಲು ಹೋದಾಗ, ಸ್ಪ್ರಿಂಗು ತುಂಬಿದ ತಗಡಿನ ಡಬ್ಬಿಯಲ್ಲಿ ಗಂಡನ ಕೈಗಡಿಯಾರ ಸಿಗುತ್ತದೆ. ಬೆಲ್ಟಿನ ಬದಲು ದಾರ ಕಟ್ಟಿದ ಗಡಿಯಾರ, ಅವಳೇ ಕಟ್ಟಿದ್ದು.

ಆಮೇಲೆ ತೆರೆ ಒಂದು ಕ್ಷಣ ಬೆಳ್ಳಗಾಗುತ್ತದೆ. ಸದ್ದು ಕಟ್. ರೆಪ್ಪೆ ಹೊಡೆದ ಹಾಗೆ. ಎಂಥ ಡೈರೆಕ್ಟರ್!

ಆಮೇಲೆ ಊಟ. ಆರು ನಿಮಿಷ. ಆ ಬಾಡಿಗೆಯವನು ಎದುರಿಗೆ ಕೂತು ಉಣ್ಣುತ್ತಾನೆ, ಇವಳು ಬಡಿಸುತ್ತಾಳೆ. ಗೊತ್ತಿದ್ದೂ ಬಡಿಸುತ್ತಾಳೆ. ಕೈ ನಡುಗುವುದಿಲ್ಲ. "ಔರ್ ದೂಂ?" ಇನ್ನೂ ಹಾಕಲಾ, ಅಷ್ಟೇ ಮಾತು. ಅವನು ಹೊಟ್ಟೆ ತುಂಬ ಉಂಡು ಮಲಗಿದ ಮೇಲೆ ಬಿಸಿಲಲ್ಲಿ ಚಪ್ಪಲಿಯಿಲ್ಲದೆ ಸ್ಟೇಷನ್ನಿಗೆ ನಡೆಯುತ್ತಾಳೆ.

ಹನ್ನೊಂದು ಸಲ ನೋಡಿದ್ದೆ. ಇವರ ಪರಿಚಯ ಆದದ್ದೇ ಅಲ್ಲಿ, ಅದೂ ಜಗಳದಿಂದ. ಎರಡನೇ ಶುಕ್ರವಾರ ರೀಲು ಹಿಂದುಮುಂದು ಮಾಡಿ ಹಾಕಿದ್ದರು. ಊಟ ಮೊದಲು, ಗಡಿಯಾರ ಆಮೇಲೆ! ಕ್ಯಾಬಿನ್ ಮೆಟ್ಟಿಲು ಹತ್ತಿಹೋಗಿ ಬಾಯಿಗೆ ಬಂದ ಹಾಗೆ ಬೈದಿದ್ದೆ. ಮರುದಿನ ಸರಿಯಾಗಿತ್ತು. ಆ ಒಂದು ದಿನವನ್ನು ಯಾರಿಗೂ ಹೇಳಿಲ್ಲ. ಗಂಡನ ಮರ್ಯಾದೆ.

ಒಂದು ವಿಷಯ ಭಾಷಣದಲ್ಲಿ ಹೇಳಲಾರೆ. ಎರಡನೇ ಮಗುವೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅತ್ತೆ ಪಕ್ಕದ ಮನೆಯವರ ಹತ್ತಿರ ನನ್ನ ಬಗ್ಗೆ ಆಡಿದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡೆ. ಅರ್ಧ ಗಂಟೆಗೆ ಅತ್ತೆ ಊಟಕ್ಕೆ ಕೂತರು. ಬಡಿಸಿದೆ. ಇನ್ನೂ ಹಾಕಲಾ ಅಂತ ಕೇಳಿದೆ. ಆ ಹೆಂಗಸನ್ನು ನೆನೆಸಿಕೊಂಡೇ ಕೈ ಗಟ್ಟಿ ಮಾಡಿಕೊಂಡೆ. ಅವತ್ತಷ್ಟೇ ಅಲ್ಲ, ಅತ್ತೆ ಇದ್ದ ಹನ್ನೆರಡು ವರ್ಷವೂ.

ಜೂನ್ 8, ಭಾನುವಾರ. ಮಧ್ಯಾಹ್ನ 3:30

ಮೈಯೆಲ್ಲ ಉರಿಯುತ್ತಿದೆ!

ಮಾರ್ನಿಂಗ್ ಶೋಗೆ ಹೋಗಿದ್ದೆ, ಒಬ್ಬಳೇ. ಇವರಿಗೆ ಮಂಡಿ ನೋವಂತೆ. ಬೆಳಿಗ್ಗೆ ಟ್ಯಾಂಕ್ ನೋಡಲು ಮಹಡಿ ಹತ್ತುವಾಗ ಇರಲಿಲ್ಲ ನೋವು.

ಹಾಳು ಮಾಡಿದ್ದಾರೆ. ಕೊಂದಿದ್ದಾರೆ. ಊಟ ಮೊದಲು, ಗಡಿಯಾರ ಆಮೇಲೆ! ಅವತ್ತಿನ ಎಡವಟ್ಟನ್ನೇ ದೇಶದ ತುಂಬ ಮಾಡಿದ್ದಾರೆ. ಆ ಬಿಳಿ ರೆಪ್ಪೆಯೂ ಇಲ್ಲ. ಒಡತಿ ಸುಮ್ಮನೆ ಬಡಿಸುತ್ತಾಳೆ, ಪಾಪದ ಹೆಂಗಸು. ಗೊತ್ತಿಲ್ಲದೆ ಬಡಿಸುವುದರಲ್ಲಿ ಏನು ದೊಡ್ಡಸ್ತಿಕೆ? ಹೋಟೆಲ್ ಮಾಣಿಯೂ ಬಡಿಸುತ್ತಾನೆ.

ಪಕ್ಕದ ಸೀಟಿನ ಹುಡುಗಿ ಕಣ್ಣು ಒರೆಸಿಕೊಂಡಳು. "ಇದು ಸರಿ ಇಲ್ಲಮ್ಮ, ರೀಲು ತಪ್ಪಿದೆ" ಅಂದೆ. ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

ಜೂನ್ 9, ಸೋಮವಾರ

ಪಿಕ್ಚರ್ ಮತ್ತೆ ಬಿಟ್ಟ ಕಂಪನಿಗೆ ಕಾಗದ ಬರೆದೆ. 'ಸ್ವಾಮಿ, ಪ್ರಿಂಟು ತೊಳೆಯುವಾಗ ಕಥೆಯನ್ನೂ ತೊಳೆದುಬಿಟ್ಟಿದ್ದೀರಿ.' ನಾಲ್ಕು ಪುಟ ಆಯಿತು. ಇವರಿಗೆ ಓದಿ ಹೇಳಿದೆ.

"ಬಿಡು ಅತ್ಲಾಗೆ. ಹಳೇ ಪಿಕ್ಚರು."

"ಬಿಡೋದಾ? ನೀವು ದಿನಕ್ಕೆ ನಾಲ್ಕು ಸಲ ಹಾಕ್ದೋರು. ನಿಮಗೆ ಸಿಟ್ಟು ಬರಲ್ವಾ?"

"ಕ್ಯಾಬಿನ್‌ನಲ್ಲಿ ಇರೋನಿಗೆ ಕಥೆ ಎಲ್ಲಿ ಕಾಣುತ್ತೆ. ಬೆಳಕು ಕಾಣುತ್ತೆ, ಅಷ್ಟೇ."

ಮೂವತ್ತೊಂದು ವರ್ಷ ಬೆಳಕು ನೋಡಿದರಂತೆ. ಇವರಿಗೆ ಬೆನ್ನೆಲುಬೇ ಇಲ್ಲ.

ಜೂನ್ 13, ಶುಕ್ರವಾರ

ನನ್ನ ದೂರು ಕೇಳಿ ಸೆಕ್ರೆಟರಿ ಬಂದರು, ಕಂಕುಳಲ್ಲಿ ಫೈಲು. ಸಿನಿಮಾ ಆರ್ಕೈವಿನಿಂದ ತರಿಸಿದ ಮೂಲ ಸ್ಕ್ರಿಪ್ಟಿನ ಜೆರಾಕ್ಸ್.

"ಮೇಡಂ, ನೀವು ಕೋಪ ಮಾಡ್ಕೋಬೇಡಿ. ಮೂಲದಲ್ಲೇ ಹೀಗಿದೆ. ಆಕೆಗೆ ಗೊತ್ತಿಲ್ಲ. ಕೊಂದವನಿಗೇ ಮಗನ ಥರ ಪ್ರೀತಿಯಿಂದ ಬಡಿಸ್ತಾಳೆ. ಗಡಿಯಾರ ಆಮೇಲೆ ಸಿಗುತ್ತೆ. ಅದೇ ಅಲ್ವಾ ಟ್ರ್ಯಾಜಿಡಿ?"

"ಟ್ರ್ಯಾಜಿಡಿ ಅಲ್ಲ ಸರ್, ಅದು ಅನ್ಯಾಯ."

ಅವರು ಬೆರಳಿಟ್ಟು ತೋರಿಸಿದರು. ಸೀನ್ 61, ಊಟ, ರೀಲ್ 11. ಸೀನ್ 64, ಗಡಿಯಾರ, ರೀಲ್ 12.

ನಂಬರಿನ ಜೊತೆ ನಾನು ಯಾವತ್ತೂ ಜಗಳ ಆಡಿದವಳಲ್ಲ. ಹನ್ನೊಂದು, ಹನ್ನೆರಡು. ಏಳನೇ ಫಾರಂ, ಎಂಟನೇ ಫಾರಂ. ಪುಸ್ತಕವಾಗಿದ್ದರೆ ಹತ್ತಡಿ ದೂರದಿಂದ ಹೇಳುತ್ತಿದ್ದೆ...

ಇವರು ಪೇಪರ್ ಓದುತ್ತಿದ್ದರು. ಸೆಕ್ರೆಟರಿ ಇದ್ದಷ್ಟು ಹೊತ್ತೂ ಒಂದು ಪುಟ ಮಗುಚಲಿಲ್ಲ.

ಜೂನ್ 19, ಗುರುವಾರ. ಬೆಳಿಗ್ಗೆ 11

ಐದು ದಿನ ಬರೆಯಲಿಲ್ಲ. ಇವತ್ತು ಪ್ರೆಸ್ಸಿಗೆ ರಜೆ ಹಾಕಿದೆ. ಇವರು ಬಲ್ಬ್ ತರಲು ಹೊರಗೆ ಹೋದರು. ಇವರ ಟ್ರಂಕ್ ತೆಗೆದೆ.

ಥಿಯೇಟರ್ ಮುಚ್ಚಿದಾಗ ತಂದ ಸಾಮಾನು ಎಲ್ಲ ಅದರಲ್ಲಿದೆ. ರೀಲು ಕತ್ತರಿಸುವ ಕತ್ತರಿ, ಅಂಟಿಸುವ ಫಿಲ್ಮ್ ಸಿಮೆಂಟಿನ ಒಣಗಿದ ಬಾಟ್ಲಿ, ಪಾಕೆಟ್ ನೋಟ್‌ಬುಕ್ಕುಗಳು. ದಿನಕ್ಕೊಂದು ಸಾಲು ಬರೆಯುವ ಅಭ್ಯಾಸ ಇವರಿಗೂ ಇತ್ತು. ಪಿಕ್ಚರ್ ಬಂದ ವರ್ಷದ್ದು ಸಿಕ್ಕಿತು. ಇದ್ದಂತೆಯೇ ಬರೆದುಕೊಳ್ಳುತ್ತಿದ್ದೇನೆ.

'1ನೇ ದಿನ. 12 ಮೊದಲು, 11 ಆಮೇಲೆ ಅಂಟಿಸಿಬಿಟ್ಟಿದ್ದೇನೆ. ಶೋ ನಡೆಯುವಾಗ ಗೊತ್ತಾಯಿತು. ಯಾರೂ ಕೇಳಲಿಲ್ಲ. ಮ್ಯಾನೇಜರಿಗೆ ತಿಳಿದರೆ ಕೆಲಸ ಹೋಗುತ್ತದೆ.'

'8ನೇ ದಿನ. ಧೈರ್ಯ ಮಾಡಿ ಸರಿ ಮಾಡಿ ಹಾಕಿದೆ. ಮ್ಯಾಟಿನಿ ಮುಗಿದ ಮೇಲೆ ಒಬ್ಬಳು ಕ್ಯಾಬಿನ್‌ಗೆ ಬಂದು ಜಗಳ. ಬೆರಳು ತೋರಿಸಿ ಬೈದಳು.'

'9ನೇ ದಿನ. ಮತ್ತೆ ತಪ್ಪು ಮಾಡಿ ಹಾಕಿದೆ. ಬಂದಿದ್ದಳು. ಖುಷಿಯಾಗಿ ಹೋದಳು.'

ಆಮೇಲೆ 28ನೇ ದಿನದವರೆಗೆ ಬರೀ 'ಸರಿ', 'ಸರಿ', 'ಸರಿ'.

ಸರಿಯಂತೆ!

ಮೂವತ್ತೈದು ವರ್ಷ! ಮದುವೆಗೆ ಬಂದವರಿಗೆಲ್ಲ ಆ ದೃಶ್ಯ ಹೇಳಿದ್ದೇನೆ. ಇವರ ತಂಗಿಗೆ ಹೇಳಿದ್ದೇನೆ, ಪ್ರೆಸ್ಸಿನಲ್ಲಿ ಹೇಳಿದ್ದೇನೆ, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಇವರು ಪಕ್ಕದಲ್ಲಿ ಕೂತು ತಲೆ ಆಡಿಸಿದ್ದಾರೆ. ಬಿಳಿ ರೆಪ್ಪೆ ಅಂದಾಗಲೂ ಆಡಿಸಿದ್ದಾರೆ. ಅದು ಇವರ ಅಂಟಿನ ಜಾಯಿಂಟು! ಅತ್ತೆಯ ಎದುರು ನನ್ನ ಕೈ ಗಟ್ಟಿಯಾಗಿ ನಿಂತದ್ದು ಒಂದು ತಪ್ಪು ಜಾಯಿಂಟಿನ ಮೇಲೆ. ಅಂಥ ಹೆಂಗಸು ಇರಲೇ ಇಲ್ಲ. ಯಾರೂ ಬರೆದಿರಲಿಲ್ಲ ಅವಳನ್ನು.

ಇನ್ನೂ ಸಿಟ್ಟು ಬರುವುದು ಯಾತಕ್ಕೆ ಅಂದರೆ, ಸರಿ ಮಾಡಿದ ದಿನ ಬೈದವಳು ನಾನೇ.

ಗೇಟಿನ ಸದ್ದಾಯಿತು.

ಜೂನ್ 21, ಶನಿವಾರ

ಮಧ್ಯಾಹ್ನ ಬಡಿಸಿದೆ. ಗೊತ್ತಿದ್ದೂ ಬಡಿಸಿದೆ. ಕೈ ನಡುಗಿತು. ನೀರು ಚೆಲ್ಲಿತು. ಹಿಂದೆ ನಡುಗದ ಕೈ!

"ಯಾಕೆ, ಹುಷಾರಿಲ್ವಾ?"

"ಚೆನ್ನಾಗೇ ಇದ್ದೀನಿ. ಉಣ್ಣಿ."

ಉಂಡರು. ನಾಳೆಗೆ ಶರ್ಟು ಇಸ್ತ್ರಿ ಮಾಡಿ ಬಾಗಿಲಿಗೆ ನೇತು ಹಾಕಿದ್ದಾರೆ. ಫಲಕಕ್ಕೆಂದು ಗೋಡೆಗೆ ಮೊಳೆ ಹೊಡೆದು, ಎರಡು ಸಲ ತೆಗೆದು ಮತ್ತೆ ಹೊಡೆದರು. ಥಿಯೇಟರ್ ಮುಚ್ಚಿದ ಮೇಲೆ ಯಾರೂ ಇವರನ್ನು ಒಂದು ಮಾತು ಕೇಳಿರಲಿಲ್ಲ. ಕೊನೆಯ ದಿನ ಬೀಗ ಹಾಕುವುದಕ್ಕೂ ಕರೆದಿರಲಿಲ್ಲ.

ನಾಳೆ ನನ್ನ ಪಿಕ್ಚರಿನ ಬಗ್ಗೆ ನಿಜ ಹೇಳಿದರೆ ಫಲಕದ ಸಾಲು ಸುಳ್ಳಾಗುತ್ತದೆ. ಫಲಕ ಉಳಿಸಿದರೆ ಅವಳು ಸಾಯುತ್ತಾಳೆ, ಗೊತ್ತಿದ್ದೂ ಬಡಿಸಿದವಳು. ಮುಚ್ಚಿಟ್ಟದ್ದಕ್ಕೆ ಕ್ಷಮೆ ಇಲ್ಲ ಅಂತ ಪಿಸುಮಾತಿನವಳಿಗೆ ಎಷ್ಟು ಜೋರಾಗಿ ಹೇಳಿದ್ದೆ.

ಪಾಯಿಂಟ್ಸ್ ಬರೆದ ಹಾಳೆ ಹರಿದು ಹಾಕಿದೆ.

ಜೂನ್ 22, ಭಾನುವಾರ. ಸಂಜೆ 7

ಈ ಮನುಷ್ಯನನ್ನು ಏನು ಮಾಡಬೇಕು?

ಹಾಲ್ ತುಂಬಿತ್ತು, ಇನ್ನೂರು ಜನ. ನನ್ನ ಭಾಷಣ ಮೊದಲು. ಹಲ್ಲು ಕಚ್ಚಿ ಹೇಳಿದೆ: ಈ ಚಿತ್ರದ ದೊಡ್ಡತನ ಇರುವುದು ಊಟದ ದೃಶ್ಯದಲ್ಲಿ. ಆಕೆಗೆ ಏನೂ ಗೊತ್ತಿಲ್ಲ. ಪ್ರೀತಿಯಿಂದ ಬಡಿಸುತ್ತಾಳೆ. ಗೊತ್ತಿಲ್ಲದೆ ಇರುವುದೇ ಅದರ ಸೊಗಸು. ಸೆಕ್ರೆಟರಿ ಮುಖ ಅರಳಿತು. ಎರಡೇ ನಿಮಿಷಕ್ಕೆ ಮುಗಿಸಿ ಇಳಿದೆ. ಮುಂದಿನ ಸಾಲಿನಲ್ಲಿ ಇವರು ನನ್ನನ್ನೇ ನೋಡುತ್ತಿದ್ದರು, ಬಾಯಿ ಅರ್ಧ ತೆರೆದು.

ಇವರನ್ನು ಕರೆದರು. ಫಲಕ ಕೊಟ್ಟರು. ಎರಡು ಮಾತು ಆಡಿ ಸರ್, ಅಂದರು. ಮದುವೆ ಮನೆಯಲ್ಲೂ ಎರಡು ಮಾತು ಆಡಿದವರಲ್ಲ. ಮೈಕ್ ಹಿಡಿದುಕೊಂಡರು.

"ನನ್ನ ಹೆಂಡತಿ ಸುಳ್ಳು ಹೇಳ್ತಿದ್ದಾಳೆ."

ಎಲ್ಲರ ತಲೆಯೂ ನನ್ನ ಕಡೆ ತಿರುಗಿತು.

"ಅವಳಿಗೆ ಸುಳ್ಳು ಹೇಳೋಕೆ ಬರಲ್ಲ, ಅದಕ್ಕೇ ಗೊತ್ತಾಯ್ತು. ನನ್ನ ನೋಟ್‌ಬುಕ್ ಓದಿದ್ದಾಳೆ. ಆ ಹೆಂಗಸಿಗೆ ಗೊತ್ತಿತ್ತು ಸರ್. ನಮ್ಮ ಥಿಯೇಟರಲ್ಲಿ ಇಪ್ಪತ್ತೆಂಟು ದಿನದಲ್ಲಿ ಒಂದು ದಿನ ಬಿಟ್ಟು ಎಲ್ಲಾ ದಿನ ಗೊತ್ತಿತ್ತು. ರೀಲು ತಪ್ಪಾಗಿ ಅಂಟಿಸಿದ್ದು ನಾನು. ಮುಚ್ಚಿಟ್ಟದ್ದೂ ನಾನು. ಮೊದಲು ಹೆದರಿಕೆಗೆ. ಆಮೇಲೆ ಇವಳು... ಇವಳು ಅಷ್ಟು ಇಷ್ಟಪಟ್ಟಿದ್ಲು. ಈ ಫಲಕದ ಮೇಲೆ ಬರ್ದಿರೋದು ಸರಿ ಇಲ್ಲ. ತಿದ್ದಿ ಕೊಡಿ."

ಫಲಕವನ್ನು ಸೆಕ್ರೆಟರಿ ಕೈಗೆ ವಾಪಸು ಕೊಟ್ಟು ಇಳಿದರು. ಯಾರೋ ಹಿಂದೆ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ಎದ್ದು ನಿಂತರು. ನಾನು ಏಳಲಿಲ್ಲ.

ಇನ್ನೂರು ಜನರ ಎದುರು ನನ್ನನ್ನು ಸುಳ್ಳುಗಾತಿ ಮಾಡಿದರು! ಮೂವತ್ತೈದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವರು, ನಾನು ಇವರಿಗೋಸ್ಕರ ಮೊದಲ ಸಲ ಬೀಗ ಹಾಕಿಕೊಂಡ ದಿನವೇ ತೆಗೆಯಬೇಕಿತ್ತಾ? ಬಸ್ಸಿನಲ್ಲಿ ಇವರು ಕಿಟಕಿ ಕಡೆ ತಿರುಗಿ ಕೂತಿದ್ದರು. ಹೆಗಲು ಹಗುರಾದವರ ಹಾಗೆ.

ಜೂನ್ 23, ಸೋಮವಾರ. ಮಧ್ಯಾಹ್ನ 1:15

ಪ್ರೆಸ್ಸಿನಲ್ಲಿ ಪಿಸುಮಾತಿನವಳು ತಾನಾಗಿಯೇ ಬಂದಳು. "ಅಕ್ಕಾ, ಎರಡು ಫಾರಂ ಹಿಂದುಮುಂದಾಗಿದೆ." ಎಲ್ಲರಿಗೂ ಕೇಳಿಸುವ ಹಾಗೆ. ಸರಿ, ಬಿಚ್ಚಿ ಮತ್ತೆ ಜೋಡಿಸು ಅಂದೆ. ಬೈಯಲಿಲ್ಲ. ಊಟಕ್ಕೆ ಮನೆಗೆ ಬಂದೆ.

ಸೆಕ್ರೆಟರಿ ಫೋನು. ಫಲಕದಲ್ಲಿ ಏನಂತ ತಿದ್ದಿಸಲಿ ಮೇಡಂ?

"'ಒಂದೇ ಒಂದು ತಪ್ಪು' ಅಂತ ಹಾಕ್ಸಿ."

ಅಡುಗೆಮನೆಯಿಂದ ಇವರ ದನಿ: "ಒಂದಲ್ಲ, ಎರಡು. ಎಂಟನೇ ದಿನ ಸರಿ ಮಾಡಿದ್ದು ಇನ್ನೊಂದು."

ನಗು ಬಂತು. ತೋರಿಸಲಿಲ್ಲ. ಸಿಟ್ಟು ಇಳಿದಿಲ್ಲ, ಅಷ್ಟು ಸುಲಭಕ್ಕೆ ಇಳಿಸುವುದೂ ಇಲ್ಲ. ಎರಡು ಸಲ ಕರೆದರು, ಆರಿಹೋಗುತ್ತೆ ಬಾ ಅಂತ. ಇವತ್ತು ಬಡಿಸಿರುವುದು ಇವರೇ. ನನಗೆಲ್ಲ ಗೊತ್ತು ಅಂತ ಗೊತ್ತಿದ್ದೂ ಬಡಿಸಿದ್ದಾರೆ. ಈಗ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾರೆ. ಕೈ ನಡುಗುತ್ತಿದೆ. ಔರ್ ದೂಂ, ಅಂತ ಕೇಳುತ್ತಿದ್ದಾರೆ, ಮೊದಲ ತುತ್ತೇ ಉಂಡಿಲ್ಲ ನಾನು, ಆಗಲೇ ಇನ್ನೂ ಹಾಕಲಾ ಅಂದರೆ... ಇದನ್ನೂ ಹಿಂದುಮುಂದು ಮಾಡಿ —